ಷರಾ ಕಾಲಂ

9 ಜನವರಿ

ಪ್ರೀತಿಯ ಗುಬ್ಬಿ,

ಭಾನುವಾರ ನೀನು ಫೋನು ಮಾಡಿದಾಗ ಎಲ್ಲದಕ್ಕೂ ಹೂಂ ಹೂಂ ಅಂದೆನಲ್ಲ, ನಿಜ ಹೇಳಬೇಕೆಂದರೆ ಅರ್ಧ ಕೇಳಿಸಲೇ ಇಲ್ಲ. ಮೊನ್ನೆ ಕಿವಿ ಡಾಕ್ಟರಿಗೆ ತೋರಿಸಿದೆ. ಇಪ್ಪತ್ತೇಳು ವರ್ಷ ಬಟ್ಟೆ ಹಿಂಡುವ ಯಂತ್ರದ ಪಕ್ಕ ನಿಂತರೆ ಹೀಗಾಗುವುದು ಸಹಜವಂತೆ, ಹೋದದ್ದು ವಾಪಸು ಬರುವುದಿಲ್ಲವಂತೆ. ಎದುರಿಗಿದ್ದವರ ಮಾತನ್ನು ತುಟಿ ನೋಡಿ ಹಿಡಿಯುತ್ತೇನೆ. ಫೋನಿಗೆ ತುಟಿ ಎಲ್ಲಿಂದ ತರಲಿ? ಇನ್ನು ಮೇಲೆ ನಮ್ಮದು ಕಾಗದದ ವ್ಯವಹಾರ. ನನ್ನ ಅಕ್ಷರ ನೋಡಿ ನಗಬೇಡ.

ಕಿವಿಯ ದೆಸೆಯಿಂದ ಒಂದು ಒಳ್ಳೆಯದೂ ಆಗಿದೆ. ನನ್ನನ್ನು ಯಂತ್ರದ ಕೋಣೆಯಿಂದ ತೆಗೆದು ಮಡಿಸುವ ಮೇಜಿಗೆ ಮೇಲ್ವಿಚಾರಕಿ ಮಾಡಿದ್ದಾರೆ. ಆಸ್ಪತ್ರೆಯ ಹಾಸಿಗೆ ಬಟ್ಟೆಯೆಲ್ಲ ಒಣಗಿ ಬಿಸಿಬಿಸಿಯಾಗಿ ಅಲ್ಲಿಗೆ ಬರುತ್ತದೆ. ಚಳಿಗಾಲದಲ್ಲಿ ಅದಕ್ಕಿಂತ ಸುಖದ ಜಾಗ ಇಡೀ ಆಸ್ಪತ್ರೆಯಲ್ಲಿ ಇಲ್ಲ, ದೊಡ್ಡ ಡಾಕ್ಟರ ಕೋಣೆಯೂ ಅಷ್ಟು ಬೆಚ್ಚಗಿಲ್ಲ. ನನ್ನ ಕೈಕೆಳಗೆ ಆರು ಜನ. ಅವರಲ್ಲೊಬ್ಬಳು ನನ್ನನ್ನು ತುಂಬ ಹಚ್ಚಿಕೊಂಡಿದ್ದಾಳೆ, ಅವಳ ಕೂದಲಿನಿಂದಾಗಿ ಎಲ್ಲರೂ ಗುಂಗುರು ಅಂತ ಕರೆಯುತ್ತಾರೆ.

ಅಮ್ಮ ಚೆನ್ನಾಗಿದ್ದಾಳೆ. ಅಕ್ಕಪಕ್ಕದವರಿಗೆಲ್ಲ ನೀನು ದೊಡ್ಡ ಸಂಶೋಧನೆ ಮಾಡುತ್ತಿದ್ದೀಯ ಅಂತ ಸಾರುತ್ತಾಳೆ. ಯಾವುದರ ಮೇಲೆ ಅಂತ ಕೇಳಿದರೆ ತಬ್ಬಿಬ್ಬಾಗುತ್ತಾಳೆ. ಒಂದು ಸಾಲಿನಲ್ಲಿ ಬರೆದು ಕಳಿಸು, ಬಾಯಿಪಾಠ ಮಾಡಿಸುತ್ತೇನೆ.

ಇತಿ ನಿನ್ನ
ಅಕ್ಕ


26 ಜನವರಿ

ಅಕ್ಕಾ,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ನಿನ್ನ ಕಿವಿ ಹೋದದ್ದು ನನ್ನ ಓದಿನ ವರ್ಷಗಳಲ್ಲೇ ಅನ್ನುವುದು ಎರಡನೇ ಸಲ ಓದುವಾಗ ಹೊಳೆಯಿತು. ನನ್ನ ಪುಸ್ತಕ, ಬೂಟು, ಹಾಸ್ಟೆಲು ಎಲ್ಲವೂ ಆ ಯಂತ್ರದ ಪಕ್ಕದಿಂದಲೇ ಬಂದವು. ಇದನ್ನು ನಾನು ಎಂದೂ ನಿನ್ನೆದುರು ಹೇಳಿಲ್ಲ. ಎದುರಿಗೆ ಹೇಳಲು ಹೋದರೆ ನೀನು ತಲೆಗೆ ಮೊಟಕುತ್ತೀಯ, ಕಾಗದದಲ್ಲಿ ಆ ಭಯವಿಲ್ಲ.

ಅಮ್ಮನಿಗೆ ಹೀಗೆ ಹೇಳು: ಬಡವರ ಮಕ್ಕಳು ಬಡವರ ಕೆಲಸಕ್ಕೇ ಹೋಗಿ ಸೇರುವುದು ಹೇಗೆ, ಅವರನ್ನು ಅಲ್ಲಿಗೆ ಕಳಿಸುವವರು ಯಾರು, ಇದೇ ನನ್ನ ವಿಷಯ. ನಮ್ಮ ಶಾಲೆಯಲ್ಲಿ ಆರನೇ ತರಗತಿ ಮುಗಿದ ಮೇಲೆ ಮಕ್ಕಳನ್ನು ಎರಡು ಭಾಗ ಮಾಡುತ್ತಿದ್ದರಲ್ಲ, ಓದಿನ ವಿಭಾಗ ಮೇಲಿನ ಮಹಡಿಗೆ, ಕಸುಬಿನ ವಿಭಾಗ ಕೆಳಗಿನ ಮಹಡಿಗೆ. ಆ ವಿಂಗಡಣೆಯ ಹಳೆಯ ರಿಜಿಸ್ಟರುಗಳನ್ನು ನೋಡಲು ಶಿಕ್ಷಣ ಇಲಾಖೆ ಅನುಮತಿ ಕೊಟ್ಟಿದೆ. ಉಗ್ರಾಣದಲ್ಲಿ ಕಪಾಟುಗಟ್ಟಲೆ ಇವೆ. ದಿನವೂ ಮೂಗಿಗೆ ಬಟ್ಟೆ ಕಟ್ಟಿಕೊಂಡು ಧೂಳಿನಲ್ಲಿ ಕೂರುತ್ತೇನೆ.

ನಿನಗೊಂದು ಕೆಲಸ. ನಿನ್ನನ್ನು ವಿಂಗಡಿಸಿದ ದಿನ ಏನು ನಡೆಯಿತು, ನೆನಪಿದ್ದಷ್ಟು ಬರೆ.

ನಿನ್ನ
ಗುಬ್ಬಿ


11 ಫೆಬ್ರವರಿ

ಗುಬ್ಬಿ,

ಮೂವತ್ತೊಂದು ವರ್ಷದ ಹಿಂದಿನ ದಿನ ಕೇಳುತ್ತೀಯಲ್ಲೇ. ಆದರೂ ನೆನಪಿದೆ.

ಪರೀಕ್ಷೆ ಬರೆದು ತಿಂಗಳಾಗಿತ್ತು. ಅಪ್ಪನಿಗೆ ಗೋದಾಮಿನಲ್ಲಿ ಮೂಟೆ ಹೊರುವ ಕೆಲಸ ಬಿಟ್ಟು ಬರಲಾಗದೆ ಅಮ್ಮನೇ ನನ್ನ ಜೊತೆ ಬಂದಳು, ನೀನು ಅವಳ ಸೊಂಟದ ಮೇಲಿದ್ದೆ. ಉದ್ದ ಮೇಷ್ಟ್ರು ಮೇಜಿನ ಹಿಂದೆ ಕೂತಿದ್ದರು. ಅವರು ಒಳ್ಳೆಯವರು. ನನ್ನ ಪೆನ್ಸಿಲು ಮೋಟಾಗಿದ್ದರೆ ತಮ್ಮದನ್ನು ಕೊಡುತ್ತಿದ್ದರು. ನನ್ನ ಅಂಗೈಯನ್ನು ಹಿಡಿದು ನೋಡಿ ಅಮ್ಮನಿಗೆ ಹೇಳಿದರು, "ಇವಳ ಕೈ ತುಂಬಾ ಚುರುಕಮ್ಮ. ಕಸುಬಿಗೆ ಹಾಕಿ, ಬೇಗ ಒಂದು ದಾರಿಗೆ ಬರ್ತಾಳೆ." ಅಮ್ಮ ಮುಗುಳ್ನಕ್ಕಳು. ಹೊಗಳಿದರು ಅಂತಲೇ ನಾವಿಬ್ಬರೂ ಅಂದುಕೊಂಡೆವು. ದಾರಿಯುದ್ದಕ್ಕೂ ನಾನು ಕೈ ಬೀಸಿಕೊಂಡು ಬಂದೆ.

ಅಂಕ ಎಷ್ಟು ಬಂತು ಅಂತ ಕೇಳಬೇಕು ಅನ್ನುವುದು ನಮಗೆ ಗೊತ್ತಿರಲಿಲ್ಲ. ಕಡಿಮೆ ಬಂದಿರಬೇಕು, ಬಿಡು. ಆಮೇಲೆ ಅಮ್ಮ ಯಾರು ಬಂದರೂ ಹೇಳುತ್ತಿದ್ದಳಲ್ಲ, "ದೊಡ್ಡೋಳಿಗೆ ಕೈ ಚುರುಕು, ಚಿಕ್ಕೋಳಿಗೆ ತಲೆ ಚುರುಕು" ಅಂತ. ಸರಿಯಾಗಿಯೇ ಹಂಚಿಕೆಯಾಗಿದೆ. ಇಬ್ಬರಿಗೂ ತಲೆಯೇ ಸಿಕ್ಕಿದ್ದರೆ ಬಟ್ಟೆ ಒಗೆಯುವವರು ಯಾರು?

ನನ್ನ ರಿಜಿಸ್ಟರು ಸಿಕ್ಕಿದರೆ ಅಂಕ ನೋಡಿ ನಗಬೇಡ. ನೋಡಿದೆ ಅಂತ ಅಮ್ಮನಿಗೂ ಹೇಳಬೇಡ.

ಅಕ್ಕ


2 ಮಾರ್ಚ್

ಅಕ್ಕಾ,

ಕಾಗದ ತಲುಪಿತು. ತುಂಬ ಉಪಯೋಗವಾಯಿತು. ಇಲ್ಲಿ ಬಿಸಿಲು ಏರುತ್ತಿದೆ. ಕೆಲಸ ಬಹಳ, ಆದ್ದರಿಂದ ಚಿಕ್ಕದಾಗಿ ಬರೆಯುತ್ತಿದ್ದೇನೆ. ನಿನ್ನ ಆರೋಗ್ಯ ನೋಡಿಕೋ. ಅಮ್ಮನಿಗೆ ನನ್ನ ನೆನಪು ಹೇಳು.

ಗುಬ್ಬಿ


30 ಏಪ್ರಿಲ್

ಗುಬ್ಬಿ,

ಎರಡು ತಿಂಗಳಾಯಿತು. ಬಿಸಿಲಿನ ಸುದ್ದಿ ಬರೆದು ಸುಮ್ಮನಾಗಿದ್ದೀಯ. ಚಿಕ್ಕಂದಿನಲ್ಲಿ ಏನಾದರೂ ಮುರಿದು ಹಾಕಿದ ದಿನ ನೀನು ತುಂಬ ಮರ್ಯಾದೆಯಿಂದ ಮಾತಾಡುತ್ತಿದ್ದೆ. ಆ ಕಾಗದದಲ್ಲಿ ಅದೇ ಮರ್ಯಾದೆ ಕಂಡಿತು.

ಹುಷಾರಿಲ್ಲವಾ? ನಿನ್ನ ಪ್ರೊಫೆಸರು ಏನಾದರೂ ಅಂದರಾ? ಇಲ್ಲ, ಆ ರಿಜಿಸ್ಟರಿನಲ್ಲಿ ನನ್ನ ಬಗ್ಗೆ ಏನೋ ಕಂಡಿದ್ದೀಯಾ? ಏನಿದ್ದರೂ ಹೇಳು. ಇಪ್ಪತ್ತೇಳು ವರ್ಷ ಆಸ್ಪತ್ರೆಯ ಬಟ್ಟೆ ಬಿಚ್ಚಿ ನೋಡಿದವಳು ನಾನು. ಅಸಹ್ಯವಾಗುವಂಥದ್ದು, ಹೆದರಿಕೆಯಾಗುವಂಥದ್ದು ಇನ್ನೇನೂ ಉಳಿದಿಲ್ಲ.

ಅಕ್ಕ


8 ಮೇ

ಅಕ್ಕಾ,

ಹೇಳುತ್ತೇನೆ. ಕೂತುಕೊಂಡು ಓದು.

ಫೆಬ್ರವರಿಯ ಕೊನೆಯಲ್ಲಿ ನಿನ್ನ ವರ್ಷದ ರಿಜಿಸ್ಟರು ಸಿಕ್ಕಿತು. ಅರವತ್ತು ಅಂಕ ದಾಟಿದವರು ಓದಿನ ವಿಭಾಗಕ್ಕೆ ಅರ್ಹರು ಅಂತ ಮೊದಲ ಪುಟದಲ್ಲೇ ಇದೆ, ಆದರೆ ಕೊನೆಯ ತೀರ್ಮಾನ ಶಿಕ್ಷಕರದ್ದು. ನಿನ್ನ ಸಾಲಿನಲ್ಲಿರುವುದನ್ನು ಹಾಗೆಯೇ ಬರೆಯುತ್ತೇನೆ. ಅಂಕ: ಎಂಬತ್ತನಾಲ್ಕು. ತಂದೆಯ ಕೆಲಸ: ಮೂಟೆ ಹೊರುವುದು. ಷರಾ: ಕೈ ಚುರುಕು, ಕಸುಬಿನ ವಿಭಾಗಕ್ಕೆ ಸೂಕ್ತ.

ಎಂಬತ್ತನಾಲ್ಕು, ಅಕ್ಕ. ಇಡೀ ತರಗತಿಯಲ್ಲಿ ನಿನಗಿಂತ ಮುಂದೆ ಇದ್ದವರು ಇಬ್ಬರೇ. ನಿನ್ನ ಮೇಲಿನ ಸಾಲಿನಲ್ಲಿ ಒಬ್ಬ ಗುತ್ತಿಗೆದಾರರ ಮಗ ಇದ್ದಾನೆ, ಐವತ್ತೊಂಬತ್ತು. ಅವನ ಷರಾ, "ಮನೆಯ ವಾತಾವರಣ ಉತ್ತಮ." ಅವನು ಮೇಲಿನ ಮಹಡಿಗೆ ಹೋದ. ಆ ವರ್ಷ ಅರವತ್ತು ದಾಟಿದ ಕೂಲಿಕಾರರ ಮಕ್ಕಳು ಇಪ್ಪತ್ತೆರಡು ಮಂದಿ. ಅವರಲ್ಲಿ ಹದಿನೇಳು ಮಂದಿಯನ್ನು ಕೆಳಗೆ ಕೂರಿಸಿದ್ದಾರೆ.

ಇಷ್ಟೇ ಆಗಿದ್ದರೆ ಅವತ್ತೇ ನಿನಗೆ ಬರೆಯುತ್ತಿದ್ದೆ. ನನ್ನ ಬಾಯಿ ಕಟ್ಟಿದ್ದು ಬೇರೆ. ಹತ್ತು ವರ್ಷದ ನಂತರದ ರಿಜಿಸ್ಟರನ್ನೂ ತೆಗೆದೆ, ಅದರಲ್ಲಿ ನಾನಿದ್ದೇನೆ. ನನ್ನ ಅಂಕ ಅರವತ್ತೇಳು. ಅಪ್ಪ ತೀರಿಕೊಂಡಿದ್ದರಿಂದ ಪಾಲಕರ ಜಾಗದಲ್ಲಿ ನೀನಿದ್ದೀಯ. ಷರಾ: ಪಾಲಕರು ಆಸ್ಪತ್ರೆಯ ಉದ್ಯೋಗಿ, ಓದಿನ ವಿಭಾಗಕ್ಕೆ ಸೂಕ್ತ.

ನಿನಗಿಂತ ಹದಿನೇಳು ಅಂಕ ಕಡಿಮೆ ತೆಗೆದವಳು ಮೇಲೆ ಹೋದೆ. ಲಾಂಡ್ರಿ ಅಂತ ಬರೆದಿದ್ದರೆ ನಾನೂ ಕೆಳಗೇ. ನಮ್ಮ ಮನೆಯಲ್ಲಿ ತಲೆ ಚುರುಕಾದವಳು ನಾನು ಅಂತ ಇಷ್ಟು ವರ್ಷ ಮೆರೆದೆನಲ್ಲ, ಆ ಮಾತು ಹುಟ್ಟಿದ್ದೇ ಆ ಕಾಲಂನಲ್ಲಿ. ನಿನ್ನ ಜಾಗದಲ್ಲಿ ಕೂತಿದ್ದೇನೆ ಅನ್ನಿಸಿ ಎರಡು ತಿಂಗಳಿಂದ ಒಂದು ಪುಟವೂ ಬರೆಯಲಾಗಿಲ್ಲ.

ನಿನ್ನ ಸಾಲಿನ ನಕಲು ಇದರ ಜೊತೆ ಇಟ್ಟಿದ್ದೇನೆ. ಬೇಡವಾದರೆ ಹರಿದು ಹಾಕು.

ಗುಬ್ಬಿ


19 ಜೂನ್

ಅಕ್ಕಾ,

ಉತ್ತರವಿಲ್ಲ. ಹೇಳಬಾರದಿತ್ತೇನೋ.

ಉದ್ದ ಮೇಷ್ಟ್ರನ್ನು ಹುಡುಕಿಕೊಂಡು ಹೋಗಿದ್ದೆ. ಮಗಳ ಮನೆಯಲ್ಲಿದ್ದಾರೆ, ಕೋಲು ಹಿಡಿದು ನಡೆಯುತ್ತಾರೆ. ಬಾಯಿಗೆ ಬಂದದ್ದು ಅಂದು ಬರಬೇಕು ಅಂತ ಹೋಗಿದ್ದೆ. ಅವರು ನನಗೆ ಕುರ್ಚಿ ಕೊಟ್ಟು ತಾವು ಮಂಚದ ಅಂಚಿನಲ್ಲಿ ಕೂತರು. ನಿನ್ನ ನೆನಪು ಅವರಿಗಿಲ್ಲ. ನಕಲನ್ನು ಕನ್ನಡಕದ ಹತ್ತಿರ ಹಿಡಿದು ತಮ್ಮ ಅಕ್ಷರವನ್ನು ಬಹಳ ಹೊತ್ತು ನೋಡಿದರು. ಆಮೇಲೆ, "ಮೇಲೆ ಹೋಗಿ ಅರ್ಧಕ್ಕೆ ಬಿಟ್ಟುಬಂದ್ರೆ ಮನಸ್ಸು ಮುರಿಯುತ್ತೆ ಅಂತ ನಾವು ಭಾವಿಸಿದ್ವಿ. ಒಳ್ಳೇದೇ ಮಾಡ್ತಿದ್ದೀವಿ ಅಂತ. ಎಂಬತ್ತನಾಲ್ಕನ್ನ ನಾನು ನೋಡೇ ಇಲ್ಲಮ್ಮ, ಅಪ್ಪನ ಕೆಲಸ ನೋಡಿದೆ" ಅಂದರು. ಬಾಗಿಲವರೆಗೆ ಬಂದು, ನಿನಗೆ ಏನು ಹೇಳಿ ಕಳಿಸಬೇಕೋ ತಿಳಿಯುತ್ತಿಲ್ಲ ಅಂದರು.

ಬೈದಾದರೂ ಒಂದು ಸಾಲು ಬರೆ.

ಗುಬ್ಬಿ


3 ಜುಲೈ

ಗುಬ್ಬಿ,

ಬೈಯುವುದಕ್ಕೇನೂ ಇಲ್ಲ. ಬರೆಯಲು ಕೂತಾಗಲೆಲ್ಲ ಎರಡು ಸಾಲು ಬರೆದು ಹರಿದು ಹಾಕುತ್ತಿದ್ದೆ.

ನಿನ್ನ ಕಾಗದವನ್ನು ಊಟದ ಬಿಡುವಿನಲ್ಲಿ ಮಡಿಸುವ ಮೇಜಿನ ಹತ್ತಿರ ಓದಿದೆ. ಮೊದಲು ನಗು ಬಂತು. ನಕಲು ಮಾಡುವಾಗ ಯಾರದೋ ಸಾಲನ್ನು ನನ್ನದೆಂದು ಕಳಿಸಿದ್ದೀಯ ಅಂದುಕೊಂಡೆ. ಆಮೇಲೆ ಅಪ್ಪನ ಹೆಸರು ಕಂಡಿತು. ಮಧ್ಯಾಹ್ನವೆಲ್ಲ ಒಂದೇ ಹಾಸಿಗೆ ಬಟ್ಟೆಯನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸುತ್ತಿದ್ದೆನಂತೆ. ಗುಂಗುರು ಬಂದು ಅದನ್ನು ನನ್ನ ಕೈಯಿಂದ ಬಿಡಿಸಿಕೊಂಡಳು.

ಎಷ್ಟೊಂದು ಸಿಟ್ಟು ಬಂತು ಗೊತ್ತಾ? ಕೆಲವು ದಿನ ನಿನ್ನ ಮೇಲೂ. ಬರೆದುಬಿಡುತ್ತೇನೆ, ಇಲ್ಲವಾದರೆ ಒಳಗೇ ಹುಳಿಯುತ್ತದೆ. ನಿನ್ನ ತಪ್ಪೇನೂ ಇಲ್ಲ ಅಂತ ಗೊತ್ತಿದ್ದೂ ಬಂತು. ಮೇಷ್ಟ್ರು ಕೆಟ್ಟವರಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ಪೆನ್ಸಿಲು ಕೊಟ್ಟವರ ಮೇಲೆ ಹೇಗೆ ಕೋಪ ಮಾಡಿಕೊಳ್ಳುವುದು? ಮಾಡಿಕೊಂಡೆ. ಇನ್ನೂ ಇದೆ. ಅವರು ಮತ್ತೆ ಸಿಕ್ಕರೆ ಹಾಗೆಂದೇ ಹೇಳು, ಮೆತ್ತಗೆ ಹೇಳು.

ಅಮ್ಮನಿಗೆ ಹೇಳಿದೆ. ಹೇಳಬಾರದು ಅಂತಿದ್ದೆ, ನನ್ನ ಮುಖ ನೋಡಿ ಬಿಡಲಿಲ್ಲ. ಅವಳು ಕೇಳಿ, ಹೆಚ್ಚುತ್ತಿದ್ದ ತರಕಾರಿಯನ್ನು ಪಕ್ಕಕ್ಕಿಟ್ಟು ನನ್ನ ಕೈ ಹಿಡಿದುಕೊಂಡಳು. "ಅವರು ಹೇಳಿದ್ದನ್ನ ನಾನು ನಂಬಿದೆ ಕಣೇ. ಹೊಟ್ಟೇಲಿ ಇಟ್ಕೊಂಡೋಳಿಗೆ ಗೊತ್ತಾಗ್ಬೇಕಿತ್ತು" ಅಂದಳು. ಮರುದಿನ ಪಕ್ಕದ ಮನೆಯವಳ ಹತ್ತಿರ ಹೋಗಿ, ಎಂಬತ್ತನಾಲ್ಕು ಅಂದರೆ ಎಷ್ಟು ದೊಡ್ಡದು ಅಂತ ಕೇಳಿ ಬಂದಿದ್ದಾಳೆ. ಈಗ ಬೀದಿಗೆಲ್ಲ ಗೊತ್ತು.

ಆಸ್ಪತ್ರೆ ಅಂತ ಬರೆದದ್ದರ ಕಥೆ ಹೇಳುತ್ತೇನೆ, ನಿನಗೆ ಗೊತ್ತಿಲ್ಲ. ನಿನ್ನ ಶಾಲೆಯ ಅರ್ಜಿ ತುಂಬಲು ಬರದೆ ಮಕ್ಕಳ ವಾರ್ಡಿನ ನರ್ಸಮ್ಮನ ಹತ್ತಿರ ಹೋಗಿದ್ದೆ. ನಾನು ಲಾಂಡ್ರಿ ಅಂತ ಬರೆಯುತ್ತಿದ್ದಂತೆ ಅವರು ಪೆನ್ನು ಹಿಡಿದು ನಿಲ್ಲಿಸಿದರು. "ಆಸ್ಪತ್ರೆ ಅಂತ ಬರಿ. ಸುಳ್ಳೇನಲ್ಲವಲ್ಲ? ನಮ್ಮಪ್ಪ ಇಲ್ಲೇ ಗೇಟು ಕಾಯ್ತಿದ್ರು, ನನ್ನ ಅರ್ಜೀಲೂ ಹಾಗೇ ಬರೆದಿದ್ವಿ" ಅಂದರು. ಯಾಕೆ ಅಂತ ಆಗ ನನಗೆ ಹೊಳೆಯಲಿಲ್ಲ. ಅವರಿಗೆ ಆ ಬೀಗ ಗೊತ್ತಿತ್ತು, ಕೀಲಿಯನ್ನು ನನ್ನ ಕೈಗಿಟ್ಟರು. ಅವರೀಗ ಇಲ್ಲ. ನಿನ್ನ ಪುಸ್ತಕದಲ್ಲಿ ಎಲ್ಲಾದರೂ ಒಂದು ಮೂಲೆಯಲ್ಲಿ ಅವರಿಗೊಂದು ಕೃತಜ್ಞತೆ ಸಲ್ಲಿಸು.

ಇನ್ನು ನಿನ್ನ ಜಾಗದ ಮಾತು. ನನ್ನ ಎಂಬತ್ತನಾಲ್ಕನ್ನು ನಿನ್ನ ಅರವತ್ತೇಳು ಕಿತ್ತುಕೊಂಡದ್ದಲ್ಲ. ಅರವತ್ತು ದಾಟಿದವರಿಗೆಲ್ಲ ಜಾಗ ಅಂತ ಮೊದಲ ಪುಟದಲ್ಲೇ ಇತ್ತಲ್ಲ, ನಿನ್ನ ಜಾಗ ನಿನ್ನದೇ. ನನ್ನದನ್ನು ಕಿತ್ತುಕೊಂಡದ್ದು ಬೇರೆ, ಅದನ್ನು ನೀನು ಹುಡುಕಿದ್ದೀಯ. ಬರೆಯದೆ ಕೂತರೆ ಕಿವಿ ಹಿಂಡುತ್ತೇನೆ.

ಒಂದು ಸಹಾಯ ಬೇಕು. ಗುಂಗುರುವಿನ ಮಗಳಿಗೆ ಶಾಲೆಯಿಂದ ಚೀಟಿ ಬಂದಿದೆ, ಕಸುಬಿನ ವಿಭಾಗ ಅಂತ. ಹುಡುಗಿ ಮೂರು ದಿನದಿಂದ ಪುಸ್ತಕ ಮುಟ್ಟಿಲ್ಲ. "ನಮ್ಮಂಥೋರಿಗೆ ಇಷ್ಟೇ ಅಲ್ವಾ" ಅಂದಳು ಗುಂಗುರು, ಮಡಿಸುತ್ತಲೇ. ಅಂಕ ಎಷ್ಟು ಅಂದೆ. ಗೊತ್ತಿಲ್ಲವಂತೆ. ಕೇಳಬಹುದಾ, ಹೇಗೆ ಕೇಳಬೇಕು, ಬರೆದು ಕಳಿಸು.

ಅಕ್ಕ


9 ಜುಲೈ

ಅಕ್ಕಾ,

ನಿನ್ನ ಕಾಗದ ಓದಿ ಅತ್ತೆ, ಆಮೇಲೆ ಹೊಟ್ಟೆತುಂಬ ಊಟ ಮಾಡಿದೆ, ಆಮೇಲೆ ನಾಲ್ಕು ಪುಟ ಬರೆದೆ. ಮೊದಲ ಪುಟ ನರ್ಸಮ್ಮನದು.

ಅವಸರದಲ್ಲಿ ಇಷ್ಟು: ಅಂಕವನ್ನೂ ಷರಾವನ್ನೂ ನೋಡುವ ಹಕ್ಕು ತಾಯಿತಂದೆಗೆ ಇದೆ, ಯಾರೂ ಕೇಳುವುದಿಲ್ಲ ಅಷ್ಟೆ. ಬರವಣಿಗೆಯಲ್ಲಿ ಕೇಳಿ. ಅರ್ಜಿಯ ಕರಡು ಜೊತೆಗಿದೆ. ತಿಂಗಳೊಳಗೆ ಕೊಡಬೇಕು. ಕೆಲಸದ ಜಾಗವನ್ನು ಬರೆಯುವಾಗ ಲಾಂಡ್ರಿ ಅಂತಲೇ ಬರೆಯಿರಿ. ಈ ಸಲ ಮುಚ್ಚಿಡುವುದು ಬೇಡ ಅನ್ನಿಸುತ್ತದೆ. ನೀನು ಏನನ್ನುತ್ತೀಯೋ ಹಾಗೆ.

ಗುಬ್ಬಿ


5 ಸೆಪ್ಟೆಂಬರ್

ಪ್ರೀತಿಯ ಗುಬ್ಬಿ,

ಲಾಂಡ್ರಿ ಅಂತಲೇ ಬರೆದೆವು.

ಮೂರು ಸಲ ಹೋಗಬೇಕಾಯಿತು. ಮೊದಲನೆಯ ಸಲ ಗುಮಾಸ್ತರು ಅರ್ಜಿ ತೆಗೆದುಕೊಳ್ಳಲಿಲ್ಲ. ಎರಡನೆಯ ಸಲ ತೆಗೆದುಕೊಂಡು ನಾಳೆ ಬನ್ನಿ ಅಂದರು. ಮೂರನೆಯ ಸಲ ಊಟದ ಬಿಡುವಿಗೆ ಅರ್ಧ ಗಂಟೆ ಸೇರಿಸಿ ರಜೆ ಬರೆದುಕೊಟ್ಟು, ಕೆಲಸದ ಕೋಟಿನಲ್ಲೇ ಹೋದೆವು. ಮುಖ್ಯೋಪಾಧ್ಯಾಯಿನಿ ಚಿಕ್ಕ ವಯಸ್ಸಿನವರು, ನಿನ್ನ ಓರಗೆ ಇರಬಹುದು. ನನ್ನನ್ನು ನೋಡಿ, ನೀವು ಹುಡುಗಿಗೆ ಏನಾಗಬೇಕು ಅಂದರು. ಇವಳ ಜೊತೆ ಕೆಲಸ ಮಾಡುತ್ತೇನೆ ಅಂದೆ. ಸಂಬಂಧಿಕರಲ್ಲದವರಿಗೆ ತೋರಿಸುವಂತಿಲ್ಲ ಅಂದರು.

"ನನಗೆ ತೋರಿಸ್ಬೇಡಿ. ಅವಳಿಗೆ ತೋರಿಸಿ. ನಾನು ಪಕ್ಕದಲ್ಲಿ ನಿಂತಿರ್ತೀನಿ" ಅಂದೆ.

ಫೈಲು ಬಂತು. ಗುಂಗುರು ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಎಪ್ಪತ್ತೊಂದು. ಅದರ ಮುಂದೆ, "ಮನೆಯಲ್ಲಿ ಓದಿಗೆ ಅನುಕೂಲ ಕಡಿಮೆ." ನಾನು ಏನೇನೋ ಮಾತು ಜೋಡಿಸಿಕೊಂಡು ಹೋಗಿದ್ದೆ, ಒಂದೂ ನೆನಪಿಗೆ ಬರಲಿಲ್ಲ. ಗುಂಗುರುವೇ ತಲೆಯೆತ್ತಿ ಕೇಳಿದಳು. ಜೋರಾಗಿಯೂ ಅಲ್ಲ, ವ್ಯಂಗ್ಯವಾಗಿಯೂ ಅಲ್ಲ, ತಿಳಿದುಕೊಳ್ಳುವುದಕ್ಕೆ ಅನ್ನುವ ಹಾಗೆ.

"ನಮ್ಮನೆಗೆ ಯಾರು ಬಂದು ನೋಡಿದ್ರು, ಮೇಡಂ?"

ಅವರು ಫೈಲಿನ ಹಿಂದಿನ ಪುಟ ತಿರುಗಿಸಿದರು, ಮುಂದಿನ ಪುಟ ತಿರುಗಿಸಿದರು. ಯಾರೂ ಬಂದಿರಲಿಲ್ಲ. ಕೊನೆಗೆ ಅವರು, ಈ ಫೈಲನ್ನು ನನ್ನ ಹತ್ತಿರ ಬಿಡಿ ಅಂದರು. ಹನ್ನೊಂದು ದಿನಕ್ಕೆ ಹೊಸ ಚೀಟಿ ಬಂತು. ಹುಡುಗಿ ಸೋಮವಾರದಿಂದ ಓದಿನ ವಿಭಾಗಕ್ಕೆ ಹೋಗುತ್ತಿದ್ದಾಳೆ. ಆ ಮೇಡಂ ಈ ವರ್ಷದ ಷರಾಗಳನ್ನೆಲ್ಲ ಇನ್ನೊಂದು ಸಲ ನೋಡುತ್ತಾರಂತೆ. ಎಷ್ಟು ನೋಡುತ್ತಾರೋ ಕಾಯೋಣ. ಅವರಿಗೆ ಒಂದು ಕಾಗದ ಬರೆದು ಉಪಕಾರ ಸ್ಮರಿಸಿದೆ, ಫೈಲು ತೆರೆದದ್ದಕ್ಕೆ. ತೆರೆಯದೆಯೂ ಇರಬಹುದಿತ್ತಲ್ಲ.

ಒಂದು ವಿಷಯ ನಿನ್ನ ಪುಸ್ತಕಕ್ಕೆ ಹೇಳಬೇಕು. ನಮ್ಮ ಇಸ್ತ್ರಿ ಮಾಡುವವನ ಮಗನನ್ನೂ ಕಸುಬಿಗೆ ಹಾಕಿದ್ದಾರೆ. ಅವನು ತಾನೇ ಕೇಳಿ ಹಾಕಿಸಿಕೊಂಡದ್ದು, ಮರಗೆಲಸ ಅಂದರೆ ಅವನಿಗೆ ಪ್ರಾಣ. ಶಾಲೆಯ ಮರಗೆಲಸದ ಕೋಣೆಗೆ ಹೋಗಿ ನೋಡಿದೆ. ಒಂದೇ ದೀಪ, ಒಂದೇ ಕಿಟಕಿ, ಅದೂ ಗೋಡೆಗೆ ಎದುರು. ಎಲ್ಲರನ್ನೂ ಮೇಲಕ್ಕೆ ಹತ್ತಿಸುವುದು ಮಾತ್ರ ನ್ಯಾಯವೇನೇ? ಮಂಚ ಮಾಡುವವನಿಗೆ ಬೆಳಕು ಬೇಡವಾ? ನಾನು ಇಷ್ಟು ವರ್ಷ ಮಾಡಿದ್ದು ಕೀಳು ಕೆಲಸವಲ್ಲ. ಒಂದು ದಿನ ನಾವು ಕೈ ಕಟ್ಟಿ ಕೂತರೆ ಆಸ್ಪತ್ರೆಯಲ್ಲಿ ಒಂದು ಆಪರೇಷನ್ನೂ ನಡೆಯುವುದಿಲ್ಲ. ನನ್ನನ್ನು ಕೇಳದೆ ಕಳಿಸಿದರಲ್ಲ, ನೋವು ಅದಕ್ಕೆ. ಇದನ್ನು ನಿನ್ನ ಭಾಷೆಯಲ್ಲಿ ಹೇಗೆ ಬರೆಯುತ್ತಾರೋ ಬರೆ.

ಸೋಮವಾರ ಬೆಳಿಗ್ಗೆ ನಾನೂ ಶಾಲೆಯ ಗೇಟಿನವರೆಗೆ ಹೋಗಿದ್ದೆ. ಹುಡುಗಿ ಒಳಗೆ ಹೋದಾಗ ಗುಂಗುರು ನನ್ನ ಭುಜಕ್ಕೆ ಮುಖ ಒರೆಸಿಕೊಂಡಳು. ನನಗೆ ಸಂತೋಷವಾಯಿತು, ಸುಳ್ಳು ಹೇಳುವುದಿಲ್ಲ, ಜೊತೆಗೆ ಹೊಟ್ಟೆ ಉರಿಯಿತು. ಹನ್ನೆರಡು ವರ್ಷದ ಮಗುವಿನ ಮೇಲೆ, ನಲವತ್ಮೂರು ವರ್ಷದ ಹೆಂಗಸಿಗೆ. ಅದು ಹೋಗಲಿ ಅಂತ ಸ್ವಲ್ಪ ಹೊತ್ತು ಅಲ್ಲೇ ನಿಂತೆ. ಪೂರ್ತಿ ಹೋಗಲಿಲ್ಲ, ಅಷ್ಟರಲ್ಲಿ ಪಾಳಿಯ ಹೊತ್ತಾಯಿತು. ಈಗ ಮಡಿಸುವ ಮೇಜಿನ ಹತ್ತಿರ ಇನ್ನೂ ಮೂವರು ತಾಯಂದಿರು ಮಕ್ಕಳ ಚೀಟಿ ಹಿಡಿದು ಬಂದಿದ್ದಾರೆ, ನಿನ್ನ ಕರಡನ್ನು ನಕಲು ಮಾಡಿ ಮಾಡಿ ನನ್ನ ಅಕ್ಷರ ದುಂಡಗಾಗುತ್ತಿದೆ.

ಗುಬ್ಬೀ, ನೀನು ನನಗೆ ಹೇಳಲು ಎರಡು ತಿಂಗಳು ಹೆದರಿದೆಯಲ್ಲ. ಹೇಳಿದ್ದಕ್ಕೆ ನಿನ್ನ ಉಪಕಾರ ತೀರಿಸಲಾರೆ. ನೀನು ಹೇಳದೆ ಹೋಗಿದ್ದರೆ ನಾನು ದಡ್ಡಿಯೆಂದುಕೊಂಡೇ ಸಾಯುತ್ತಿದ್ದೆ, ಅದೂ ನೆಮ್ಮದಿಯಿಂದ.

ನಿನ್ನ
ಅಕ್ಕ